ಹರಕೆ ಗಡಿಗೆಯ ಗುಳಿಗೆಗಳು

ಬಿಳಿಗುಂದಿಯ ಸಾಲಿಪೇಟೆಯಲ್ಲಿ ಮಾತೋಶ್ರೀ ಕಲ್ಯಾಣವ್ವ ತಾಯಿಯವರು ಇದ್ದ ಜಾಗವನ್ನು ಮಠವೆಂದು ಕರೆಯುವುದು ನಮ್ಮ ಪ್ರೀತಿ. ನಿಜ ಹೇಳಬೇಕೆಂದರೆ ಅದು ಯಾರೋ ನೇಕಾರರು ಬಿಟ್ಟುಹೋದ ಎರಡಂಕಣದ ಮಣ್ಣಿನ ಮನೆ. ನಡುಮನೆಯಲ್ಲಿ ಮಗ್ಗದ ಗುಣಿ ಹಾಗೆಯೇ ಉಳಿದಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ಆ ತಗ್ಗಿನ ಅಂಚಿನಲ್ಲಿ ಪೂಜ್ಯರು ಕೌದಿ ಹಾಸಿಕೊಂಡು, ತಾವೂ ಕಾಲನ್ನು ಗುಣಿಯೊಳಗೆ ಬಿಟ್ಟು, ದೀಪದ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ಗುಣಿ ಮುಚ್ಚಿಸಿ ಗದ್ದುಗೆ ಕಟ್ಟಿಸುತ್ತೇವೆಂದು ಭಕ್ತರು ಎಷ್ಟು ಬೇಡಿಕೊಂಡರೂ "ಕಾಲ ಬಿಡಾಕ ಜಾಗಾ ಐತಿ, ಇರಲಿ ಬಿಡ್ರಿ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ತಮ್ಮ ಗುರುಗಳ ಎದುರು ಹಿಡಿದ ವ್ರತದಂತೆ ಹದಿನೆಂಟು ವರ್ಷ ಅವರು ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ನಾನು ಆಗಷ್ಟೇ ಶಾಲೆಯ ಕೆಲಸದಿಂದ ನಿವೃತ್ತನಾಗಿ ಮಠದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆ. ಸೋಮವಾರ ಸಂಜೆಯ ಭಜನೆಯಲ್ಲಿ ಮೈಕು ಹಿಡಿಯುವುದು ನನ್ನ ಪಾಲಿನ ಸೇವೆ. ಸೇವೆ ಎಂದೇನೋ ಬರೆದೆ, ಮೈಕು ಕೈಗೆ ಬಂದರೆ ಬಿಡದ ಚಟ ಎಂದು ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ. ಈ ಪ್ರಸಂಗವನ್ನು ನಾನು ಇಷ್ಟು ವರ್ಷ ಬರೆಯದೆ ಉಳಿದದ್ದಕ್ಕೂ ಆ ಮೈಕೇ ಕಾರಣ.

ಮಠದ ಬಾಗಿಲ ಪಕ್ಕದಲ್ಲಿ ಒಂದು ಕರಿ ಗಡಿಗೆ ಇತ್ತು. ಬಹಳ ಹಿಂದೆ ಒಬ್ಬ ನೇಕಾರ, ಹೆಂಡತಿ ಹಾಸಿಗೆ ಹಿಡಿದಾಗ, ಆಕೆ ಎದ್ದು ಓಡಾಡುವ ತನಕ ಮುಟ್ಟುವುದಿಲ್ಲವೆಂದು ತನ್ನ ತಂಬಾಕಿನ ಚೀಲವನ್ನು ಅದರಲ್ಲಿ ಹಾಕಿ ಹೋದನಂತೆ. ಆಕೆ ಎದ್ದಳು. ಅಂದಿನಿಂದ ಅದು ಹರಕೆ ಗಡಿಗೆಯಾಯಿತು. ಬೇಡಿಕೊಂಡದ್ದು ಕೈಗೂಡುವ ತನಕ ತನಗೆ ಬೇಕಾದದ್ದೊಂದನ್ನು ಬಿಡಬೇಕು, ಬಿಟ್ಟದ್ದನ್ನು ಗಡಿಗೆಗೆ ಹಾಕಬೇಕು. ಎಲೆ ಅಡಿಕೆ, ಚಹಾಪುಡಿ, ಬೆಲ್ಲ, ಬೀಡಿ ಎಲ್ಲವೂ ಅದರೊಳಗೆ ಬಿದ್ದವು. ಯಾರು ಏನು ಬಿಟ್ಟರೆಂಬುದನ್ನು ನಾನು ಸೋಮವಾರ ಮೈಕಿನಲ್ಲಿ ಹೇಳುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ತಾಯಿಯವರು ಹೀಗೆ ಮಾಡಿರೆಂದು ಹೇಳಿದವರಲ್ಲ, ಬೇಡವೆಂದು ತಡೆದವರೂ ಅಲ್ಲ.

ಪೇಟೆಯ ಮಹಾರುದ್ರಪ್ಪನೆಂಬ ನೇಕಾರನ ಹೆಂಡತಿ ಸುಗಲಾ. ಆಕೆಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆರೋಗ. ತವರಿನವರು ಮದುವೆಯ ಮಾತಿನಲ್ಲಿ ಅದನ್ನು ಮುಚ್ಚಿಟ್ಟಿದ್ದರು. ಗಂಡನ ಮನೆಗೆ ಬಂದ ಮೇಲೂ ಆಕೆ ಮುಂಜಾನೆಗೊಂದು ಸಂಜೆಗೊಂದು ಗುಳಿಗೆಯನ್ನು ಅಡುಗೆಮನೆಯ ಮೂಲೆಯಲ್ಲಿ ಕದ್ದು ನುಂಗುತ್ತಿದ್ದಳಂತೆ. ಗುಳಿಗೆ ನುಂಗುತ್ತಿದ್ದ ಕಾಲದಲ್ಲಿ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲವಾದ್ದರಿಂದ, ಗೊತ್ತಾದಾಗ ಗಂಡ ಹೆಚ್ಚೇನೂ ಅನ್ನಲಿಲ್ಲ. ಆದರೆ ದವಾಖಾನೆಗೆ ಆಕೆಯ ಜೊತೆ ಹೋಗಲೂ ಇಲ್ಲ. ಮಗ್ಗ ಬಿಟ್ಟು ಹೋದರೆ ಓಣಿಯವರು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ ಎಂಬ ನಾಚಿಕೆ. ಒಬ್ಬಳೇ ಹೋದಾಗ ಡಾಕ್ಟರಬಾಯಿ, "ಕೂಸು ಬೇಕನಿಸಿದಾಗ ಮೊದಲ ಬಂದು ನನಗ ಹೇಳು. ಈ ಗುಳಿಗಿ ಬಸರಿಗೆ ಸರಿಹೋಗೂದಿಲ್ಲ, ಬ್ಯಾರೆ ಕೊಡತೀನಿ. ನೀನಾಗೇ ಮಾತ್ರ ಬಿಡಬ್ಯಾಡ" ಎಂದಿದ್ದರು. ಮನೆಯಲ್ಲಿ ಆ ಮಾತಿನ ನಡುವಿನ ತುಂಡು ಒಂದೇ ಉಳಿಯಿತು.

ಮದುವೆಯಾಗಿ ಆರು ವರ್ಷಕ್ಕೆ ಸುಗಲಾ ಬಸಿರಾದಳು. ಅತ್ತೆ ಕಾಶವ್ವ ಕೆಟ್ಟವಳೇನಲ್ಲ. ಹೆದರಿದವಳು, ಅಷ್ಟೆ. "ಗುಳಿಗಿ ಕಾವು ಕೂಸಿಗೆ ತಟ್ಟತೈತಿ. ಡಾಕ್ಟರೇ ಸರಿಹೋಗೂದಿಲ್ಲ ಅಂದಾರ" ಎಂದು ಸೊಸೆಯನ್ನು ಮಠಕ್ಕೆ ಕರೆತಂದಳು. ಸುಗಲಾ ಗುಳಿಗೆಗಳನ್ನೆಲ್ಲ ಬಿಳಿ ಬಟ್ಟೆಯಲ್ಲಿ ಗಂಟುಕಟ್ಟಿ ತಂದಿದ್ದಳು. ಹೆರಿಗೆಯಾಗುವ ತನಕ ಮುಟ್ಟುವುದಿಲ್ಲವೆಂದು ಹೇಳಿ ಗಡಿಗೆಯೊಳಗೆ ಬಿಟ್ಟಳು. ತಾಯಿಯವರು ಎಲ್ಲರಿಗೂ ಹಚ್ಚುವಂತೆ ಆಕೆಯ ಹಣೆಗೂ ವಿಭೂತಿ ಹಚ್ಚಿದರು.

ಆ ಸೋಮವಾರ ನಾನು ಮೈಕಿನಲ್ಲಿ ಅಂದೆ: "ಬೀಡಿ ಬಿಡೂದು ದೊಡ್ಡ ಮಾತಲ್ಲ. ಅವ್ವಾರನ್ನ ನಂಬಿ, ಈ ತಂಗಿ ತನ್ನ ಔಷಧಾನ ಬಿಟ್ಟಾಳ. ಭಕ್ತಿ ಅಂದ್ರ ಇದು!" ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅದು ಮೂರ್ಛೆಯ ಗುಳಿಗೆಯೆಂದು ನನಗೆ ಗೊತ್ತಿತ್ತು, ಕಾಶವ್ವನೇ ಹೇಳಿದ್ದಳು. ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಈ ಬಾಯಿಗೆ ಹುಳ ಬೀಳಲಿಲ್ಲವಲ್ಲ ಎಂದು ಇಂದಿಗೂ ಅನಿಸುತ್ತದೆ.

ಏಳನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ, ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಾಗ ಸುಗಲಾ ಬಿದ್ದಳು. ಮೂರ್ಛೆ ಬಿಟ್ಟು ಮತ್ತೆ ಬಂತು, ಮತ್ತೆ ಬಂತು. ಟೆಂಪೋ ಹಿಡಿದು ತಾಲೂಕಿನ ದವಾಖಾನೆ ಮುಟ್ಟುವಷ್ಟರಲ್ಲಿ ಹೊಟ್ಟೆಯೊಳಗಿನ ಜೀವ ಹೋಗಿತ್ತು. ಹೆಣ್ಣುಕೂಸು. ತಾಯಿ ಉಳಿದಳು. ಗುಳಿಗೆ ಯಾಕೆ ಬಿಟ್ಟೆ ಎಂದು ಡಾಕ್ಟರಬಾಯಿ ಕೇಳಿದಾಗ ಸುಗಲಾ, "ಅವ್ವಾರ ಗಡಿಗ್ಯಾಗ ಹಾಕೇನ್ರಿ" ಎಂದಳಂತೆ. ಆಕೆಯ ಗಂಡ ಮೊದಲ ಸಲ ದವಾಖಾನೆಯೊಳಗೆ ನಿಂತದ್ದೂ, ಆ ಮಾತನ್ನು ಕೇಳಿದ್ದೂ ಅಂದೇ.

ಅದಾಗಿ ಒಂಬತ್ತನೆಯ ದಿನ ಸೋಮವಾರ. ಭಜನೆಗೆ ಜನ ಕೂಡುತ್ತಿದ್ದರು. ಮಹಾರುದ್ರಪ್ಪ ಚಪ್ಪಲಿ ಕಾಲಲ್ಲೇ ಒಳಗೆ ಬಂದ. ಗಡ್ಡ ಬಂದಿತ್ತು, ಅಂಗಿಯ ಗುಂಡಿ ಒಂದೂ ನೆಟ್ಟಗೆ ಹಾಕಿರಲಿಲ್ಲ.

"ಎಲ್ಲೈತಿ ಆ ಗಡಿಗಿ?" ಎಂದ.

ನಾನು ಅಡ್ಡ ಹೋದೆ. "ತಮ್ಮಾ, ಸಮಾಧಾನ ಮಾಡ್ಕೊ. ಅವ್ವಾರಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಕಿವಿ ಸ್ವಲ್ಪ ಮಂದ..."

"ಮಾಸ್ತರ" ಎಂದರು ತಾಯಿಯವರು. ದನಿ ಎತ್ತರಿಸಲಿಲ್ಲ. "ಸುಳ್ಳು ಹೇಳಬ್ಯಾಡ್ರಿ. ನೀವು ಅಂದಿದ್ದು ನನಗ ಕೇಳಿಸಿತ್ತು. ಕೇಳಿ ಸುಮ್ಮನ ಕುಂತಿದ್ದೆ."

ದೊಡ್ಡವರೆನಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ತಪ್ಪು ಬಾಗಿಲಿಗೆ ಬಂದಾಗ ಶಿಷ್ಯನನ್ನು ಮುಂದೆ ತಳ್ಳಿ ಒಳಗೆ ಹೋಗುವವರೇ ಹೆಚ್ಚು. ಇಲ್ಲಿ ಶಿಷ್ಯ ತಾನಾಗಿಯೇ ಬಾಗಿಲು ಹಾಕಲು ಹೋದರೂ ಗುರು ಹಾಕಗೊಡಲಿಲ್ಲ.

"ಗಡಿಗಿ ತಂದು ಸುರುವ್ರಿ" ಎಂದು ಅಪ್ಪಣೆಯಾಯಿತು.

ನಾನೇ ತಂದು ನೆಲಕ್ಕೆ ಸುರುವಿದೆ. ಬೂಸಲು ಹಿಡಿದ ಬೆಲ್ಲ, ತಂಬಾಕು, ಎಲೆಯ ಕಸ ಬಿದ್ದವು. ಅವುಗಳ ಹಿಂದೆಯೇ ಗುಳಿಗೆಗಳು ಬಿದ್ದವು. ಸುಗಲಾಳ ಬಿಳಿ ಗಂಟು ಒಂದೇ ಅಲ್ಲ. ರಕ್ತದೊತ್ತಡದವು, ಸಕ್ಕರೆ ಕಾಯಿಲೆಯವು, ಬಸುರಿಯರಿಗೆ ರಕ್ತ ಹೆಚ್ಚಲೆಂದು ನರ್ಸಬಾಯಿ ಮನೆಮನೆಗೆ ಹಂಚಿದ್ದ ಕೆಂಪು ಗುಳಿಗೆಯ ಹಾಳೆಗಳು, ಒಂದೂ ಹರಿದಿರಲಿಲ್ಲ. ನನ್ನ ಮೈಕಿನ ಮಾತು ಕೇಳಿ ಐದು ತಿಂಗಳಲ್ಲಿ ಎಷ್ಟು ಮನೆಯವರು ಸುಗಲಾಳ ದಾರಿ ಹಿಡಿದಿದ್ದರು ಎಂಬುದು ಅಲ್ಲಿ ನೆಲದ ಮೇಲೆ ಬಿದ್ದಿತ್ತು.

ತಾಯಿಯವರು ಒಂದು ಕೆಂಪು ಹಾಳೆಯನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ. "ಯಾರವು?" ಎಂದರು. ಒಬ್ಬ ತುಂಬಿದ ಬಸುರಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು, ಅವಳ ಹಿಂದೆ ಇನ್ನಿಬ್ಬರು.

"ಇವು ಹಳೇವಾಗ್ಯಾವ, ನುಂಗಬ್ಯಾಡ್ರಿ. ನಾಳೆ ಮುಂಜಾನೆ ದವಾಖಾನಿಗೆ ಹೋಗ್ರಿ. ಬಿಟ್ಟೇವಿ ಅಂತ ಮುಚ್ಚದ ಹೇಳ್ರಿ" ಎಂದರು ತಾಯಿಯವರು. ಆಮೇಲೆ ಮಹಾರುದ್ರಪ್ಪನ ಕಡೆ ತಿರುಗಿ, "ನಿನ್ನ ಕೂಸು ನನ್ನ ಗಡಿಗ್ಯಾಗ ಸತ್ತೈತಿ" ಎಂದರು.

ಅವನು ಬೈಯಲೆಂದು ಬಂದವನು. ಬೈಗುಳಕ್ಕೆ ಎದುರು ನಿಲ್ಲುವವರು ಯಾರೂ ಇಲ್ಲದಾಗ ಸಿಟ್ಟೆಲ್ಲ ಗಡಿಗೆಯ ಮೇಲೆ ತಿರುಗಿತು. ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲಕ್ಕೆ ಎತ್ತಿದ.

"ಒಡೀಬ್ಯಾಡೋ ತಮ್ಮಾ" ಎಂದರು ತಾಯಿಯವರು. "ಒಡದ್ರ ನಾವೆಲ್ಲಾ ಮರತುಬಿಡತೀವಿ."

ಎತ್ತಿದ ಕೈ ಹಾಗೇ ನಿಂತಿತು. ಅವನು ಗಡಿಗೆಯನ್ನು ಎದೆಗೆ ಒತ್ತಿಕೊಂಡು ಗುಣಿಯ ಅಂಚಿನಲ್ಲಿ ಕುಸಿದು ಕೂತ. "ನಾನರ ಏನ ಮಾಡಿದೆರಿ ಅವ್ವಾರ? ಒಂದ ದಿನ ಆಕಿ ಜೋಡಿ ದವಾಖಾನಿಗೆ ಹೋಗಲಿಲ್ಲ. ಈಗ ಗುಳಿಗಿ ಕೊಟ್ಟಾರ, ತುಟಿನ ತಗಿಯವಲ್ಲಳು. ನಿನ್ನೆ ಮತ್ತ ಬಂತು. ಹಿಂಗಾದ್ರ ಆಕಿನೂ ಉಳಿಯೂದಿಲ್ಲ ಅಂದಾರ" ಎಂದು ಅತ್ತ.

ತಾಯಿಯವರು ಗುಣಿಯಿಂದ ಕಾಲು ಎಳೆದುಕೊಂಡರು. ಗೋಡೆ ಹಿಡಿದು ಎದ್ದರು. ಅವನ ಕೈಯಿಂದ ಗಡಿಗೆ ತೆಗೆದುಕೊಂಡು ಸೊಂಟಕ್ಕೆ ಇಟ್ಟುಕೊಂಡು ಬಾಗಿಲ ಕಡೆ ನಡೆದರು. ನನಗೆ ಆಗ ಅರ್ಥವಾಯಿತು.

"ಅವ್ವಾರ! ನಿಮ್ಮ ವ್ರತ... ಹದಿನೆಂಟ ವರ್ಸದ್ದು..."

"ನನ್ನ ಹರಕಿನೂ ಇದರಾಗ ಇತ್ತರಿ ಮಾಸ್ತರ. ಎಲ್ಲಾರದೂ ಸುರುವಿದ ಮ್ಯಾಲೆ ನನ್ನದೊಂದ ಯಾಕ ಇಟಗೊಳ್ಳಲಿ?" ಎಂದು ಹೊಸ್ತಿಲು ದಾಟಿದರು. ದಾಟುವಾಗ ಒಂದು ಕ್ಷಣವೂ ನಿಲ್ಲಲಿಲ್ಲ. ಬೀದಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ನಡೆದು ರೂಢಿ ತಪ್ಪಿದ ಕಾಲು ಎಳೆಯುತ್ತ ಹೋದರು. ನಾವೆಲ್ಲ ಅವರ ಹಿಂದೆಯೇ ಮಹಾರುದ್ರಪ್ಪನ ಮನೆಗೆ ನಡೆದೆವು. ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು.

ಸುಗಲಾ ರಾಟಿಯ ಹತ್ತಿರ, ತಾನು ಬಿದ್ದ ಜಾಗದಲ್ಲಿಯೇ ಗೋಡೆಗೆ ಒರಗಿ ಕುಳಿತಿದ್ದಳು. ಎದೆಹಾಲು ಬತ್ತಲೆಂದು ಬಟ್ಟೆ ಬಿಗಿದು ಕಟ್ಟಿದ್ದರು. ಆದರೂ ಕುಪ್ಪಸ ಒದ್ದೆಯಾಗಿತ್ತು. ಕುಡಿಯುವ ಬಾಯಿ ಇಲ್ಲವೆಂಬುದು ಹಾಲಿಗೆ ಹೇಗೆ ಗೊತ್ತಾಗಬೇಕು? ನಾನು ಬಾಗಿಲಲ್ಲಿ ನಿಂತವನು ಅದನ್ನು ಕಂಡು ತಲೆ ತಗ್ಗಿಸಿದೆ. ಕಾಶವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು, ಒಲೆ ಹೊತ್ತಿಸಿರಲಿಲ್ಲ.

ತಾಯಿಯವರು ಸುಗಲಾಳ ಎದುರಿಗೆ ಬರಿನೆಲದ ಮೇಲೆ ಕುಳಿತರು. ವಿಭೂತಿ ತೆಗೆಯಲಿಲ್ಲ. ಕೈಯನ್ನು ಆಕೆಯ ತಲೆಯ ಮೇಲೂ ಇಡಲಿಲ್ಲ. ಹೊರಗಿನ ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ ಇಳಿಯುವ ತನಕ ಹಾಗೇ ಕುಳಿತರು. ಕೊನೆಗೆ ಸುಗಲಾಳೇ ಮಾತಾಡಿದಳು.

"ನೀವ್ಯಾಕ ಬಂದ್ರಿ ಅವ್ವಾರ? ತಪ್ಪ ನಂದೈತಿ. ನಾ ಹರಕಿ ಮುರದೇನಿ."

"ಏನ ಮುರದಿ?"

"ಗಂಟ ಕಟ್ಟುವಾಗ ಎರಡ ಗುಳಿಗಿ ಕನ್ನಡಿ ಹಿಂದ ಇಟಗೊಂಡಿದ್ದೆ. ನಾಕನೇ ತಿಂಗಳದಾಗ ಒಂದಿನ ಕಣ್ಣಮುಂದ ಹಳದಿ ಹಳದಿ ಬಂತು. ಬೀಳತೀನಿ, ಕೂಸಿಗೆ ಪೆಟ್ಟ ಹತ್ತತೈತಿ ಅಂತ ಅಂಜಿಕಿ ಆತು. ನುಂಗಿಬಿಟ್ಟೆ. ಮರುದಿನ ಇನ್ನೊಂದ. ಯಾರಿಗೂ ಹೇಳಲಿಲ್ಲ." ಆಕೆಯ ದನಿಯಲ್ಲಿ ಅಳುವೂ ಇರಲಿಲ್ಲ. "ಎಲ್ಲಾರೂ ಚಪ್ಪಾಳಿ ಹೊಡದಿದ್ರು. ನಾ ಒಳಗ ಕಳ್ಳಿ ಆಗಿದ್ದೆ. ಅದಕ್ಕ ದೇವರು ಕೂಸಿನ್ನ ಕಸಗೊಂಡ. ಈಗರ ಪೂರಾ ಬಿಡತೀನ್ರಿ. ಹೋದ್ರ ಹೋಗಲಿ ಈ ಜೀವ."

ಓದುವವರೇ, ನಾನು ಅಂದು ಆ ಬಾಗಿಲಿನಲ್ಲಿ ನಿಂತು ಈ ಮಾತು ಕೇಳಿದೆ. ಕೂಸನ್ನು ಕೊಂದದ್ದು ಯಾವುದೋ ಅದನ್ನೇ ಆಕೆ ಭಕ್ತಿಯೆಂದು ಹಿಡಿದಿದ್ದಳು, ಕೂಸನ್ನು ಕಾಯಲು ಮಾಡಿದ ಒಂದೇ ಕೆಲಸವನ್ನು ಪಾಪವೆಂದು ಹೊತ್ತಿದ್ದಳು. ಆ ಲೆಕ್ಕವನ್ನು ಆಕೆಯ ತಲೆಯೊಳಗೆ ಬರೆದವನು ನಾನು. ಮುಂದೆ ಹೋಗಿ ಕಾಲಿಗೆ ಬೀಳಬೇಕೆನಿಸಿತು, ಬಾಗಿಲಿನಲ್ಲೇ ನಿಂತೆ.

ತಾಯಿಯವರು ಆಕೆಯ ಎರಡೂ ಕೈ ಹಿಡಿದುಕೊಂಡರು.

"ಮಗಳ, ಆ ಎರಡ ಗುಳಿಗಿ ನುಂಗಿದ ಹೊತ್ತಿನ್ಯಾಗ ನೀ ಒಬ್ಬಾಕೀನ ಆ ಕೂಸಿನ ಕಡೆ ಇದ್ದಿ. ನಾವೆಲ್ಲಾ ಅದರ ವೈರಿಗಳಾಗಿದ್ದಿವಿ."

ಸುಗಲಾ ಅವರ ಮುಖ ನೋಡಿದಳು. ಒಂಬತ್ತು ದಿನದಲ್ಲಿ ಆಕೆ ಯಾರನ್ನಾದರೂ ಕಣ್ಣಿಟ್ಟು ನೋಡಿದ್ದು ಅದೇ ಮೊದಲು ಎಂದು ಕಾಶವ್ವ ಆಮೇಲೆ ಹೇಳಿದಳು.

"ಹಂಗಾರ..." ಎಂದಳು. "ಹಂಗಾರ, ಕೂಸು ತಿರಗಿ ಬರತೈತೇನ್ರಿ?"

ಅಲ್ಲಿ ನೆರೆದಿದ್ದ ನಾವು ಒಂದು ಮಾತಿಗಾಗಿ ಬಾಯಿ ತೆರೆದುಕೊಂಡು ನಿಂತಿದ್ದೆವು. ಬರುತ್ತದೆ ಎನ್ನಲಿ, ಮುಂದಿನ ವರ್ಷ ತೊಟ್ಟಿಲು ತೂಗುತ್ತೀ ಎನ್ನಲಿ. ಅವರಂಥವರ ಬಾಯಿಂದ ಬಂದರೆ ಆಗಿಯೇ ಆಗುತ್ತದೆಂದು ನಂಬುವವರು ನಾವು.

"ಇಲ್ಲವ್ವಾ" ಎಂದರು ತಾಯಿಯವರು. "ಬರೂದಿಲ್ಲ."

ಆಗ ಸುಗಲಾ ಅತ್ತಳು. ಒಂಬತ್ತು ದಿನದ ಅಳು. ಆ ಅಳುವನ್ನು ನಾನು ಬರೆಯುವುದಿಲ್ಲ. ತಾಯಿಯವರೂ ಅಳುತ್ತಿದ್ದರು. ಮುಚ್ಚಿಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

ಅಳು ತಗ್ಗಿದ ಮೇಲೆ ಅವರು ಗಡಿಗೆಯನ್ನು ಮಹಾರುದ್ರಪ್ಪನ ಕಡೆ ಸರಿಸಿ, "ತೊಳದು ನೀರ ತುಂಬಕೊಂಡ ಬಾ" ಎಂದರು. ಅವನು ಬೂದಿ ಹಚ್ಚಿ ಮೂರು ಸಲ ತಿಕ್ಕಿ ತೊಳೆದು, ಬೋರಿನ ನೀರು ತುಂಬಿ ತಂದ. ತಂಬಿಗೆಯಲ್ಲಿ ಅದರ ನೀರು ಬಗ್ಗಿಸಿಕೊಂಡು, ಡಾಕ್ಟರು ಕೊಟ್ಟಿದ್ದ ಗುಳಿಗೆಯನ್ನು ಅಂಗೈ ಮೇಲಿಟ್ಟು, ತಾಯಿಯವರು ಸುಗಲಾಳ ಮುಂದೆ ಹಿಡಿದರು. ವಿಭೂತಿ ಕೊಡುವ ಕೈ ಅದು.

"ಇದು ನನ್ನ ಬೇಡಿಕಿ" ಎಂದರು. "ಇಷ್ಟ ದಿನಾ ನೀವೆಲ್ಲಾ ಬೇಡತಿದ್ರಿ. ಇವತ್ತ ನಾ ಬೇಡತೀನಿ."

ಸುಗಲಾ ತೆಗೆದುಕೊಂಡು ನುಂಗಿದಳು.

ಪವಾಡಕ್ಕಾಗಿ ಓದುತ್ತಿರುವವರು ಇಲ್ಲಿಗೆ ನಿಲ್ಲಿಸಬಹುದು, ಯಾಕೆಂದರೆ ಇನ್ನು ಪವಾಡವಿಲ್ಲ. ಮರುದಿನ ಮಹಾರುದ್ರಪ್ಪ ಹೆಂಡತಿಯ ಜೊತೆ ದವಾಖಾನೆಗೆ ಹೋದ. ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ಓಣಿಯವರು ಕೇಳಿದರೆ "ನಮ್ಮಕಿಗೆ ಮೂರ್ಛೆ ಐತಿ, ಗುಳಿಗಿ ತರಾಕ ಹೊಂಟೇವಿ" ಎಂದು ಬಾಯ್ತುಂಬ ಹೇಳುವವನಾದ. ಡಾಕ್ಟರಬಾಯಿ ಗುಳಿಗೆ ಬದಲಿಸಿ, ಬೇಕೆನಿಸಿದಾಗ ಮೊದಲೇ ಬಂದು ಹೇಳಿದರೆ ಕೂಸು ಸುಖವಾಗಿ ಆಗಲು ಅಡ್ಡಿಯಿಲ್ಲ ಎಂದು ಧೈರ್ಯ ಕೊಟ್ಟರು. ಸುಗಲಾಳಿಗೆ ಬೇಕೆನಿಸಲಿಲ್ಲ. ಆಕೆಗೆ ಮತ್ತೆ ಮಕ್ಕಳಾಗಲಿಲ್ಲ. ಸಮಾಧಾನವಾಯಿತು ಎಂದು ಬರೆದರೆ ಅದು ನನ್ನ ಇನ್ನೊಂದು ಸುಳ್ಳಾದೀತು.

ತಾಯಿಯವರು ಗುಣಿಯ ಅಂಚಿಗೆ ಮರಳಿದರು. ಗಡಿಗೆ ಬಾಗಿಲಲ್ಲಿ ನೀರು ತುಂಬಿಕೊಂಡು ಕೂತಿತು. ಬಸುರಿಯರು ವಿಭೂತಿಗೆ ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ಗುಳಿಗಿ ತಂದೀಯೇನ?" ತಂದಿದ್ದರೆ ಗಡಿಗೆಯ ನೀರಿನಲ್ಲಿ ಅಲ್ಲಿಯೇ ನುಂಗಬೇಕು. ಮರೆತಿದ್ದರೆ ಮನೆಗೆ ಹೋಗಿ ತರಬೇಕು. ಕೆಲವರು ಬೇಸರಪಟ್ಟು ಬೇರೆ ಮಠ ನೋಡಿಕೊಂಡರು. ಹದಿನೆಂಟು ವರ್ಷದ ವ್ರತ ಮುರಿದವರೆಂದು ಆಡಿಕೊಂಡವರೂ ಇದ್ದರು. ತಾಯಿಯವರು ಲಕ್ಷ್ಯಕೊಡಲಿಲ್ಲ. ದಿನಾ ಸಂಜೆ ಹೊಸ್ತಿಲು ದಾಟಿ, ಕಾಲೆಳೆಯುತ್ತ ಹೋಗಿ ಸುಗಲಾಳ ಬಾಗಿಲಲ್ಲಿ ಕೂರುತ್ತಿದ್ದರು. ಆಕೆ ಗುಳಿಗೆ ನುಂಗಿದ್ದನ್ನು ಕಂಡು ಎದ್ದು ಬರುತ್ತಿದ್ದರು. ಮೂರು ವರ್ಷ ಹಾಗೆ ನಡೆದರು. ನನ್ನನ್ನು ಅವರು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಆ ಸೋಮವಾರದಿಂದ ಮೈಕು ಮುಟ್ಟಲಿಲ್ಲ. ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಪೂಜ್ಯರು ಲಿಂಗೈಕ್ಯರಾದದ್ದೂ ಒಂದು ಸೋಮವಾರವೇ. ಸುತ್ತಲಿನ ಊರಿನ ಜನರೆಲ್ಲ ಕೂಡಿದ್ದರು. ಅವರನ್ನು ಗುಣಿಯ ಅಂಚಿನಲ್ಲಿಯೇ, ಎಂದಿನಂತೆ, ಕೂರಿಸಿದ್ದೆವು. ಸಂಜೆಯಾಯಿತು. ಆ ಹೊತ್ತಿಗೆ ಅವರು ದಿನಾ ಎದ್ದು ಹೊರಡುತ್ತಿದ್ದರೆಂಬುದು ಎಲ್ಲರಿಗೂ ಒಮ್ಮೆಗೇ ನೆನಪಾಗಿರಬೇಕು, ಜನರ ಅಳು ನಿಂತಿತು.

ಸುಗಲಾ ಜನರ ನಡುವಿನಿಂದ ಬಂದಳು. ಗಡಿಗೆಯ ನೀರನ್ನು ತಂಬಿಗೆಗೆ ಬಗ್ಗಿಸಿಕೊಂಡಳು. ತಾಯಿಯವರ ಎದುರಿಗೆ ನಿಂತು, ಸೆರಗಿನ ಗಂಟು ಬಿಚ್ಚಿ, ಗುಳಿಗೆ ತೆಗೆದು ನುಂಗಿದಳು. ಬರಿದಾದ ಅಂಗೈಯನ್ನು ಅವರಿಗೆ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮೂರು ವರ್ಷದಲ್ಲಿ ಆಕೆ ನನ್ನೊಡನೆ ಒಂದು ಮಾತು ಆಡಿರಲಿಲ್ಲ.

"ಮಾಸ್ತರ" ಎಂದಳು. "ಮೈಕ ತರ್ರಿ. ಇದನ್ನೂ ಹೇಳ್ರಿ."

ಕಪಾಟಿನ ಕೀಲಿಯನ್ನು ಮಹಾರುದ್ರಪ್ಪನ ಕೈಗೆ ಕೊಟ್ಟೆ, ಅವನು ಮೈಕು ತೆಗೆದು ತಂದುಕೊಟ್ಟ. ನಾನು ಹೆಚ್ಚೇನೂ ಹೇಳಲಿಲ್ಲ. "ನಮ್ಮ ತಂಗಿ ಸುಗಲಾ ಈ ಹೊತ್ತಿನ ಗುಳಿಗಿ ನುಂಗ್ಯಾಳ" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಬಸುರಿ ಎದ್ದು ಗಡಿಗೆಯ ಕಡೆ ಬಂದಳು.